ಸೂಕ್ಷ್ಮಸಂಪರ್ಕ ಮುದ್ರಣ

ಸೂಕ್ಷ್ಮಸಂಪರ್ಕ ಮುದ್ರಣ ಎಂದರೆ ರಬ್ಬರಿನಂತೆ ಬಾಗುವ ಠಸ್ಸೆಯೊಂದಕ್ಕೆ ರಾಸಾಯನಿಕ ಅಣುಗಳ ಶಾಯಿಯನ್ನು ಹಚ್ಚಿ, ಅದನ್ನು ಚಿನ್ನ, ಬೆಳ್ಳಿ, ಗಾಜು ಮೊದಲಾದವುಗಳ ಮೇಲೆ ಮೆಲ್ಲನೆ ಒತ್ತಿ, ಒಂದೇ ಅಣುವಿನಷ್ಟು ದಪ್ಪದ ಲೇಪನವನ್ನು ಬೇಕಾದ ವಿನ್ಯಾಸದಲ್ಲಿ ಮೂಡಿಸುವ ವಿಧಾನ. ಇಂಗ್ಲಿಷಿನ ಮೈಕ್ರೊಕಾಂಟ್ಯಾಕ್ಟ್ ಪ್ರಿಂಟಿಂಗ್ ಎಂಬ ಹೆಸರೂ ಬಳಕೆಯಲ್ಲಿದೆ. ಮುದ್ರಿತ ಗೆರೆ ಅಥವಾ ಚುಕ್ಕೆಗಳ ಅಗಲ ಸಾಮಾನ್ಯವಾಗಿ ಒಂದು ಮೈಕ್ರೋಮೀಟರಿನಿಂದ ಕೆಲವು ನೂರು ಮೈಕ್ರೋಮೀಟರುಗಳವರೆಗೆ ಇರುತ್ತದೆ. ಒಂದು ಮೈಕ್ರೋಮೀಟರ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ಮನುಷ್ಯನ ತಲೆಗೂದಲಿನ ದಪ್ಪ ಸರಿಸುಮಾರು 70ರಿಂದ 100 ಮೈಕ್ರೋಮೀಟರ್.

ಅಂಚೆ ಕಚೇರಿಯ ಠಸ್ಸೆಯನ್ನು ಕಂಡವರಿಗೆ ಇದರ ಮೂಲ ಕಲ್ಪನೆ ಹೊಸದಲ್ಲ. ಉಬ್ಬಿದ ಭಾಗ ಕಾಗದವನ್ನು ಮುಟ್ಟಿದಲ್ಲಿ ಶಾಯಿ ಅಂಟುತ್ತದೆ, ತಗ್ಗಾದ ಭಾಗ ಮುಟ್ಟದೆ ಉಳಿಯುತ್ತದೆ. ವ್ಯತ್ಯಾಸವಿರುವುದು ಅಳತೆಯಲ್ಲಿ ಮತ್ತು ಶಾಯಿಯ ಸ್ವಭಾವದಲ್ಲಿ. ಇಲ್ಲಿನ ಶಾಯಿಯ ಅಣುಗಳು ಮೇಲ್ಮೈಯೊಂದಿಗೆ ರಾಸಾಯನಿಕ ಬಂಧವನ್ನು ಏರ್ಪಡಿಸಿಕೊಂಡು ತಾವಾಗಿಯೇ ಸಾಲುಗಟ್ಟುತ್ತವೆ. ದುಬಾರಿಯಾದ ಸ್ವಚ್ಛಕೋಣೆಯ ಅಗತ್ಯ ಮೂಲ ಅಚ್ಚನ್ನು ತಯಾರಿಸುವ ಹಂತಕ್ಕೆ ಮಾತ್ರ ಸೀಮಿತವಾಗಿದ್ದು, ಉಳಿದ ಕೆಲಸವನ್ನು ಸಾಧಾರಣ ಪ್ರಯೋಗಾಲಯದ ಮೇಜಿನ ಮೇಲೆ ಮಾಡಬಹುದಾದ್ದರಿಂದ ಈ ವಿಧಾನ ರಸಾಯನ ವಿಜ್ಞಾನಿಗಳ ಕೈಯಿಂದ ಜೀವ ವಿಜ್ಞಾನಿಗಳ ಕೈಗೂ ಬೇಗನೆ ದಾಟಿತು.

## ಹಿನ್ನೆಲೆ ಮತ್ತು ಇತಿಹಾಸ

ಒಂದೇ ಅಣುವಿನ ದಪ್ಪದ ಪದರಗಳ ಅಧ್ಯಯನಕ್ಕೆ ಎರಡು ಶತಮಾನಗಳಿಗೂ ಮಿಕ್ಕ ಇತಿಹಾಸವಿದೆ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪ್‌ಹ್ಯಾಮ್‌ನ ಕೊಳವೊಂದರಲ್ಲಿ ಒಂದು ಚಹಾ ಚಮಚದಷ್ಟು ಎಣ್ಣೆಯನ್ನು ಹಾಕಿದಾಗ ಅದು ಸುಮಾರು ಅರ್ಧ ಎಕರೆಯಷ್ಟು ನೀರಿನ ಮೇಲೆ ಹರಡಿ ಅಲೆಗಳನ್ನು ಶಾಂತಗೊಳಿಸಿದ್ದನ್ನು ಕಂಡನು. ಈ ವರದಿ 1774ರಲ್ಲಿ ಪ್ರಕಟವಾಯಿತು. ಅಷ್ಟು ತೆಳುವಾಗಿ ಹರಡಿದ ಪದರದ ದಪ್ಪ ಅಣುವಿನ ಉದ್ದಕ್ಕೆ ಸಮೀಪದ್ದು ಎಂಬ ಅರಿವು ಮೂಡಲು ಮತ್ತೊಂದು ಶತಮಾನವೇ ಬೇಕಾಯಿತು. 1917ರಲ್ಲಿ ಅಮೆರಿಕದ ಇರ್ವಿಂಗ್ ಲ್ಯಾಂಗ್ಮ್ಯೂರ್ ನೀರಿನ ಮೇಲಿನ ಇಂಥ ಪದರಗಳ ರಚನೆಯನ್ನು ವಿವರಿಸಿದರು. ಅವರ ಸಹೋದ್ಯೋಗಿ ಕ್ಯಾಥರೀನ್ ಬ್ಲಾಡ್ಜೆಟ್ 1930ರ ದಶಕದಲ್ಲಿ ಅವುಗಳನ್ನು ಗಾಜಿನ ಮೇಲೆ ಒಂದರ ಮೇಲೊಂದು ಎತ್ತಿಕೊಳ್ಳುವ ವಿಧಾನವನ್ನು ಬೆಳೆಸಿದರು.

ನೀರಿನ ಮೇಲಿಂದ ಎತ್ತಿದ ಪದರಗಳು ಸುಲಭವಾಗಿ ಕೆಡುತ್ತಿದ್ದವು. 1983ರಲ್ಲಿ ಬೆಲ್ ಪ್ರಯೋಗಾಲಯದ ರಾಲ್ಫ್ ನುಝೊ ಮತ್ತು ಡೇವಿಡ್ ಅಲಾರಾ ಅವರು ಗಂಧಕವನ್ನು ಒಳಗೊಂಡ ಸಾವಯವ ಅಣುಗಳು ಚಿನ್ನದ ಮೇಲೆ ಗಟ್ಟಿಯಾಗಿ ಅಂಟಿ, ಕ್ರಮಬದ್ಧವಾದ ಪದರವಾಗುತ್ತವೆ ಎಂದು ತೋರಿಸಿದರು. ಇವುಗಳಿಗೆ ಸ್ವಯಂಜೋಡಣೆಯ ಏಕಾಣುಪದರ ಎಂದು ಹೆಸರು.

ಪದರವನ್ನು ಇಡೀ ಮೇಲ್ಮೈಗೆ ಬಳಿಯುವ ಬದಲು ಬೇಕಾದ ಜಾಗದಲ್ಲಷ್ಟೇ ಇಡುವುದು ಹೇಗೆ ಎಂಬ ಪ್ರಶ್ನೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಮಿತ್ ಕುಮಾರ್ ಮತ್ತು ಜಾರ್ಜ್ ವೈಟ್‌ಸೈಡ್ಸ್ 1993ರಲ್ಲಿ ಉತ್ತರ ಕೊಟ್ಟರು. ಅವರು ಸಿಲಿಕೋನ್ ರಬ್ಬರಿನ ಠಸ್ಸೆಯಿಂದ ಚಿನ್ನದ ಮೇಲೆ ಥಯೋಲ್ ಎಂಬ ಗಂಧಕಯುಕ್ತ ಅಣುವನ್ನು ಮುದ್ರಿಸಿ, ಮುದ್ರಣವಿಲ್ಲದ ಭಾಗದ ಚಿನ್ನವನ್ನು ರಾಸಾಯನಿಕ ದ್ರಾವಣದಿಂದ ಕರಗಿಸಿ ತೆಗೆದರು. ಮುದ್ರಿತ ಪದರವು ತನ್ನ ಕೆಳಗಿನ ಚಿನ್ನವನ್ನು ಕಾಪಾಡಿತು. ಮುಂದಿನ ವರ್ಷಗಳಲ್ಲಿ ಹಾರ್ವರ್ಡ್ ತಂಡವೂ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಐಬಿಎಂ ಸಂಶೋಧನಾಲಯವೂ ಈ ವಿಧಾನವನ್ನು ಬೆಳೆಸಿದವು. ಇದೂ ಇದರ ಬಂಧು ವಿಧಾನಗಳೂ ಸೇರಿ ಇಂದು ಮೃದು ಲಿಥೋಗ್ರಫಿ ಎಂಬ ಒಂದು ಶಾಖೆಯಾಗಿವೆ.

## ಕಾರ್ಯತತ್ವ

ಥಯೋಲ್ ಅಣುವನ್ನು ತಲೆ, ದೇಹ ಮತ್ತು ಬಾಲಗಳಿರುವ ಒಂದು ಉದ್ದನೆಯ ಕಡ್ಡಿಯಂತೆ ಕಲ್ಪಿಸಿಕೊಳ್ಳಬಹುದು. ತಲೆಯಲ್ಲಿ ಗಂಧಕದ ಪರಮಾಣುವಿದೆ. ಅದು ಚಿನ್ನಕ್ಕೆ ಅಂಟಿಕೊಳ್ಳುತ್ತದೆ. ದೇಹ ಇಂಗಾಲದ ಸರಪಳಿ. ಹೆಚ್ಚಾಗಿ ಬಳಕೆಯಾಗುವ ಹೆಕ್ಸಾಡೆಕೇನ್‌ಥಯೋಲ್‌ನಲ್ಲಿ 16 ಇಂಗಾಲದ ಪರಮಾಣುಗಳಿವೆ. ಅಕ್ಕಪಕ್ಕದ ಸರಪಳಿಗಳು ಪರಸ್ಪರ ಆಕರ್ಷಿಸಿ ಒತ್ತೊತ್ತಾಗಿ ನಿಲ್ಲುತ್ತವೆ. ಚಿನ್ನದ ಮೇಲೆ ಅವು ನೆಟ್ಟಗೆ ನಿಲ್ಲದೆ ಸುಮಾರು 30 ಡಿಗ್ರಿಯಷ್ಟು ವಾಲಿರುತ್ತವೆ. ಗಾಳಿಗೆ ಮರುಬೀಸಿನಲ್ಲಿ ಒಂದೇ ಕಡೆ ಬಾಗಿದ ಪೈರಿನ ನೆನಪು ತರುವ ಜೋಡಣೆ ಇದು. ಹೀಗಾದ ಪದರದ ದಪ್ಪ ಸುಮಾರು 2 ನ್ಯಾನೊಮೀಟರ್, ಅಂದರೆ ಒಂದು ಮೈಕ್ರೋಮೀಟರಿನ ಐನೂರರ ಒಂದು ಭಾಗ.

ಮೇಲಕ್ಕೆ ಚಾಚಿಕೊಂಡಿರುವ ಬಾಲವು ಮೇಲ್ಮೈಯ ಗುಣವನ್ನು ನಿರ್ಧರಿಸುತ್ತದೆ. ಬಾಲವು ಎಣ್ಣೆಯ ಸ್ವಭಾವದ್ದಾದರೆ ಕೆಸುವಿನ ಎಲೆಯ ಮೇಲೆ ಆಗುವಂತೆ ನೀರು ಹನಿಗೂಡಿ ಉರುಳುತ್ತದೆ. ಆಮ್ಲದ ಅಥವಾ ಆಲ್ಕೋಹಾಲಿನ ಗುಂಪಾದರೆ ನೀರು ಹರಡಿಕೊಳ್ಳುತ್ತದೆ. ಎಥಿಲೀನ್ ಗ್ಲೈಕಾಲ್ ಗುಂಪಾದರೆ ಪ್ರೋಟೀನುಗಳು ಅಲ್ಲಿ ಅಂಟಲಾರವು. ಹೀಗೆ ಒಂದೇ ಚಿನ್ನದ ತಗಡಿನ ಮೇಲೆ ಅಕ್ಕಪಕ್ಕದಲ್ಲಿಯೇ ಪರಸ್ಪರ ವಿರುದ್ಧ ಸ್ವಭಾವದ ಪ್ರದೇಶಗಳನ್ನು ನಿರ್ಮಿಸಬಹುದು.

ಬೇಕಾಗುವ ಶಾಯಿಯ ಪ್ರಮಾಣ ಅತ್ಯಲ್ಪ. ಒಂದು ಚದರ ಸೆಂಟಿಮೀಟರ್ ಚಿನ್ನವನ್ನು ಪೂರ್ತಿಯಾಗಿ ಮುಚ್ಚುವ ಹೆಕ್ಸಾಡೆಕೇನ್‌ಥಯೋಲ್‌ನ ತೂಕ ಸುಮಾರು 0.2 ಮೈಕ್ರೋಗ್ರಾಂ. ಈ ಲೆಕ್ಕದಲ್ಲಿ ಒಂದು ಗ್ರಾಂ ಸುಮಾರು 500 ಚದರ ಮೀಟರ್ ನೆಲವನ್ನು ಮುಚ್ಚೀತು.

ಚಿನ್ನವಲ್ಲದ ಮೇಲ್ಮೈಗಳಿಗೆ ಬೇರೆ ಶಾಯಿಗಳಿವೆ:

* ಬೆಳ್ಳಿ, ತಾಮ್ರ ಮತ್ತು ಪೆಲ್ಲೇಡಿಯಂಗಳಿಗೂ ಥಯೋಲ್‌ಗಳೇ ಹೊಂದುತ್ತವೆ.
* ಗಾಜು ಮತ್ತು ಸಿಲಿಕಾನ್ ಆಕ್ಸೈಡಿಗೆ ಸಿಲೇನ್ ಎಂಬ ಸಿಲಿಕಾನಿನ ಸಂಯುಕ್ತಗಳನ್ನು ಬಳಸುತ್ತಾರೆ. ಇವು ತೇವಾಂಶಕ್ಕೆ ಪ್ರತಿಕ್ರಿಯಿಸುವುದರಿಂದ ಮುದ್ರಣ ಹೆಚ್ಚು ಎಚ್ಚರಿಕೆಯನ್ನು ಬೇಡುತ್ತದೆ.
* ಗಾಜು ಮತ್ತು ಪ್ಲಾಸ್ಟಿಕ್ಕಿನ ಮೇಲೆ ಪ್ರೋಟೀನುಗಳನ್ನೇ ಶಾಯಿಯಾಗಿ ಮುದ್ರಿಸಬಹುದು. ಇಲ್ಲಿ ನಿರ್ದಿಷ್ಟ ರಾಸಾಯನಿಕ ಬಂಧವಿಲ್ಲದಿದ್ದರೂ ಪ್ರೋಟೀನು ಮೇಲ್ಮೈಗೆ ಬಲವಾಗಿ ಹಿಡಿದುಕೊಳ್ಳುತ್ತದೆ.

## ಠಸ್ಸೆಯ ತಯಾರಿಕೆ

### ಮೂಲ ಅಚ್ಚು

ಠಸ್ಸೆಯನ್ನು ಎರಕ ಹೊಯ್ಯಲು ಮೊದಲು ಒಂದು ಮೂಲ ಅಚ್ಚು ಬೇಕು. ಸಾಮಾನ್ಯವಾಗಿ ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿಗೆ ಸ್ಪಂದಿಸುವ ರಾಳವನ್ನು ತೆಳುವಾಗಿ ಬಳಿದು, ವಿನ್ಯಾಸವಿರುವ ಮುಖವಾಡದ ಮೂಲಕ ಅದರ ಮೇಲೆ ನೇರಳಾತೀತ ಬೆಳಕನ್ನು ಹಾಯಿಸುತ್ತಾರೆ. ಎಸ್‌ಯು-8 ಎಂಬ ರಾಳ ಇದಕ್ಕೆ ಬಹುವಾಗಿ ಬಳಕೆಯಲ್ಲಿದೆ. ಬೆಳಕು ಬಿದ್ದ ಭಾಗ ಗಟ್ಟಿಯಾಗುತ್ತದೆ, ಬೀಳದ ಭಾಗ ದ್ರಾವಕದಲ್ಲಿ ಕರಗಿಹೋಗುತ್ತದೆ. ಒಂದು ಧೂಳಿನ ಕಣವೂ ವಿನ್ಯಾಸವನ್ನು ಕೆಡಿಸಬಲ್ಲದಾದ್ದರಿಂದ ಈ ಕೆಲಸ ಸ್ವಚ್ಛಕೋಣೆಯಲ್ಲಿ ನಡೆಯುತ್ತದೆ.

ಸಮಾನಾಂತರ ಗೆರೆಗಳಷ್ಟೇ ಸಾಕೆನ್ನುವವರಿಗೆ ಅಗ್ಗದ ದಾರಿಯೊಂದಿದೆ. ಹಾಡು, ಚಲನಚಿತ್ರಗಳನ್ನು ತುಂಬುತ್ತಿದ್ದ ಸಿ.ಡಿ. ಮತ್ತು ಡಿ.ವಿ.ಡಿ.ಗಳ ಪ್ಲಾಸ್ಟಿಕ್ಕಿನಲ್ಲಿ ಸುರುಳಿಯಾಕಾರದ ಸೂಕ್ಷ್ಮ ಜಾಡುಗಳಿರುತ್ತವೆ. ಸಿ.ಡಿ.ಯಲ್ಲಿ ಒಂದು ಜಾಡಿನಿಂದ ಇನ್ನೊಂದಕ್ಕೆ 1.6 ಮೈಕ್ರೋಮೀಟರ್, ಡಿ.ವಿ.ಡಿ.ಯಲ್ಲಿ 0.74 ಮೈಕ್ರೋಮೀಟರ್ ಅಂತರವಿದೆ. ಮೇಲಿನ ಲೋಹದ ಪದರವನ್ನು ತೆಗೆದು ಶುಚಿಗೊಳಿಸಿದ ತುಂಡೊಂದನ್ನು ಮೂಲ ಅಚ್ಚಾಗಿ ಬಳಸಬಹುದು.

### ಎರಕ

ಠಸ್ಸೆಯ ವಸ್ತು ಪಾಲಿಡೈಮೀಥೈಲ್‌ಸಿಲಾಕ್ಸೇನ್, ಸಂಕ್ಷಿಪ್ತವಾಗಿ ಪಿಡಿಎಂಎಸ್. ಇದು ಪಾರದರ್ಶಕವೂ ಬಾಗುವಂಥದೂ ಆದ ಸಿಲಿಕೋನ್ ರಬ್ಬರು. ತಯಾರಿಕೆಯ ಕ್ರಮ ಹೀಗಿದೆ:

1. ಪಿಡಿಎಂಎಸ್‌ನ ಮಂದ ದ್ರವಕ್ಕೆ ಗಟ್ಟಿಗೊಳಿಸುವ ದ್ರವವನ್ನು ಸಾಮಾನ್ಯವಾಗಿ 10:1ರ ತೂಕದ ಪ್ರಮಾಣದಲ್ಲಿ ಬೆರೆಸಿ ಚೆನ್ನಾಗಿ ಕಲಕುತ್ತಾರೆ.
2. ಕಲಕುವಾಗ ಸೇರಿದ ಗಾಳಿಗುಳ್ಳೆಗಳು ಹೋಗುವವರೆಗೆ ಮಿಶ್ರಣವನ್ನು ನಿರ್ವಾತ ಪಾತ್ರೆಯಲ್ಲಿ ಇಡುತ್ತಾರೆ.
3. ಮೂಲ ಅಚ್ಚಿನ ಮೇಲೆ ಸುರಿದು 60ರಿಂದ 80 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಲೆಯಲ್ಲಿ ಕೆಲವು ಗಂಟೆ ಬಿಡುತ್ತಾರೆ.
4. ಗಟ್ಟಿಯಾದ ರಬ್ಬರನ್ನು ನಿಧಾನವಾಗಿ ಸುಲಿದು, ಬೇಕಾದ ಅಳತೆಗೆ ಬ್ಲೇಡಿನಿಂದ ಕತ್ತರಿಸುತ್ತಾರೆ.

ಅಚ್ಚಿನಲ್ಲಿ ತಗ್ಗಾಗಿದ್ದುದು ಠಸ್ಸೆಯಲ್ಲಿ ಉಬ್ಬಾಗಿ ಬರುತ್ತದೆ. ರಬ್ಬರು ಅಚ್ಚಿಗೆ ಅಂಟಿಕೊಳ್ಳದಂತೆ ಮೊದಲೇ ಅಚ್ಚಿನ ಮೇಲ್ಮೈಗೆ ಫ್ಲೋರಿನ್‌ಯುಕ್ತ ಸಿಲೇನಿನ ಲೇಪ ಕೊಡುವುದು ವಾಡಿಕೆ. ಒಂದು ಅಚ್ಚಿನಿಂದ ಅನೇಕ ಠಸ್ಸೆಗಳನ್ನೂ, ಒಂದು ಠಸ್ಸೆಯಿಂದ ಅನೇಕ ಮುದ್ರಣಗಳನ್ನೂ ಪಡೆಯಬಹುದು. ಈ ವಿಧಾನದ ಮಿತವ್ಯಯದ ಗುಟ್ಟು ಇದೇ.

## ಮುದ್ರಣದ ಕ್ರಮ

ಚಿನ್ನದ ಮೇಲಿನ ಮುದ್ರಣಕ್ಕೆ ಗಾಜಿನ ಅಥವಾ ಸಿಲಿಕಾನಿನ ಬಿಲ್ಲೆಯ ಮೇಲೆ ಮೊದಲು ಟೈಟೇನಿಯಂ ಅಥವಾ ಕ್ರೋಮಿಯಂನ ತೆಳುಪದರವನ್ನೂ, ಅದರ ಮೇಲೆ ಚಿನ್ನವನ್ನೂ ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸುತ್ತಾರೆ. ಕೆಳಪದರವಿಲ್ಲದಿದ್ದರೆ ಚಿನ್ನ ಗಾಜಿನಿಂದ ಸುಲಭವಾಗಿ ಕಿತ್ತುಬರುತ್ತದೆ.

ಥಯೋಲನ್ನು ಎಥನಾಲಿನಲ್ಲಿ ಕರಗಿಸಿ ಕೆಲವು ಮಿಲಿಮೋಲಾರ್ ಸಾಂದ್ರತೆಯ ಶಾಯಿಯನ್ನು ಸಿದ್ಧಪಡಿಸುತ್ತಾರೆ. ಇದನ್ನು ಠಸ್ಸೆಯ ಮೇಲೆ ಹಾಕಿ, ಹೆಚ್ಚಾದುದನ್ನು ನೈಟ್ರೋಜನ್ ಅನಿಲ ಊದಿ ಒಣಗಿಸುತ್ತಾರೆ. ಬಳಿಕ ಠಸ್ಸೆಯ ಒಂದು ಅಂಚನ್ನು ಮೊದಲು ತಾಗಿಸಿ, ಗಾಳಿ ಸಿಕ್ಕಿಬೀಳದಂತೆ ಉಳಿದ ಭಾಗವನ್ನು ಕ್ರಮೇಣ ಇಳಿಸಬೇಕು. ಹೆಚ್ಚಿನ ಒತ್ತಡ ಬೇಕಿಲ್ಲ. ಮೃದುವಾದ ಠಸ್ಸೆಯು ಮೇಲ್ಮೈಯ ಸಣ್ಣ ಏರಿಳಿತಗಳಿಗೆ ತಾನೇ ಹೊಂದಿಕೊಳ್ಳುತ್ತದೆ. ಹತ್ತಿಪ್ಪತ್ತು ಸೆಕೆಂಡುಗಳ ಸ್ಪರ್ಶವೇ ಸಾಕಾಗುತ್ತದೆ.

ಮುದ್ರಣದ ಬಳಿಕ ಎರಡು ದಾರಿಗಳಿವೆ. ಲೋಹದ ವಿನ್ಯಾಸ ಬೇಕಾದಲ್ಲಿ, ಮುದ್ರಣವಿಲ್ಲದ ಚಿನ್ನವನ್ನು ಕರಗಿಸುವ ದ್ರಾವಣದಲ್ಲಿ ಬಿಲ್ಲೆಯನ್ನು ಅದ್ದುತ್ತಾರೆ. ರಾಸಾಯನಿಕ ಸ್ವಭಾವದ ವಿನ್ಯಾಸ ಬೇಕಾದಲ್ಲಿ, ಮುದ್ರಣವಿಲ್ಲದ ಭಾಗವನ್ನು ಬೇರೊಂದು ಥಯೋಲಿನಿಂದ ತುಂಬುತ್ತಾರೆ.

ಪ್ರೋಟೀನಿನ ಮುದ್ರಣ ಇನ್ನೂ ಸರಳ. ಠಸ್ಸೆಯ ಮೇಲೆ ಪ್ರೋಟೀನಿನ ದ್ರಾವಣವನ್ನು ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ತೊಳೆದು, ಒಣಗಿಸಿ, ಗಾಜಿಗೆ ಒತ್ತುತ್ತಾರೆ. ಉಳಿದ ಜಾಗಕ್ಕೆ ಜೀವಕೋಶಗಳು ಅಂಟದಂತೆ ತಡೆಯುವ ಪಾಲಿಮರ್ ಒಂದರ ಲೇಪ ಕೊಡುತ್ತಾರೆ.

## ಫಲಿತಾಂಶದ ಪರಿಶೀಲನೆ

ಎರಡು ನ್ಯಾನೊಮೀಟರ್ ದಪ್ಪದ ಪಾರದರ್ಶಕ ಪದರ ಕಣ್ಣಿಗೆ ಕಾಣದು. ಅದನ್ನು ಕಾಣಿಸುವ ಅತಿ ಸರಳ ಉಪಾಯ ಉಸಿರು. ಮುದ್ರಿತ ತಗಡಿನ ಮೇಲೆ ಬಾಯಿಂದ ಮೆಲ್ಲನೆ ಉಸಿರು ಬಿಟ್ಟರೆ, ನೀರನ್ನು ಇಷ್ಟಪಡುವ ಭಾಗದಲ್ಲಿ ತೇವ ಒಂದು ರೀತಿಯಲ್ಲೂ ನೀರನ್ನು ದೂರವಿಡುವ ಭಾಗದಲ್ಲಿ ಬೇರೆ ರೀತಿಯಲ್ಲೂ ಕೂಡುತ್ತದೆ. ಆಗ ಕ್ಷಣಕಾಲ ವಿನ್ಯಾಸ ಎದ್ದು ಕಾಣುತ್ತದೆ. ವೈಟ್‌ಸೈಡ್ಸ್ ತಂಡ 1993ರಲ್ಲಿ ಇದನ್ನೇ ಒಂದು ಪರೀಕ್ಷಾ ವಿಧಾನವಾಗಿ ವರದಿ ಮಾಡಿತು. ನಿಖರ ಅಳತೆಗಾಗಿ ಪರಮಾಣು ಬಲ ಸೂಕ್ಷ್ಮದರ್ಶಕ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳನ್ನೂ, ಪ್ರೋಟೀನುಗಳಿಗೆ ಪ್ರತಿದೀಪ್ತಿ ಸೂಕ್ಷ್ಮದರ್ಶಕವನ್ನೂ ಬಳಸುತ್ತಾರೆ.

## ದೋಷಗಳು ಮತ್ತು ಮಿತಿಗಳು

ಠಸ್ಸೆಯ ಮೃದುತ್ವವೇ ಈ ವಿಧಾನದ ಬಲ. ಅದೇ ಅದರ ದೌರ್ಬಲ್ಯವೂ ಹೌದು.

ಕುಸಿತ: ಉಬ್ಬುಗಳ ನಡುವಿನ ತಗ್ಗು ತೀರ ಅಗಲವಾಗಿದ್ದರೆ ಠಸ್ಸೆಯ ಮಾಳಿಗೆ ಕೆಳಗೆ ಜೋತುಬಿದ್ದು, ಬೇಡದ ಜಾಗದಲ್ಲೂ ಶಾಯಿ ಅಂಟುತ್ತದೆ. ಎರಡು ಉಬ್ಬುಗಳ ಅಂತರ ಅವುಗಳ ಎತ್ತರದ ಸುಮಾರು 20 ಪಟ್ಟನ್ನು ಮೀರಿದರೆ ಈ ಅಪಾಯವಿದೆ. ಎತ್ತರ 5 ಮೈಕ್ರೋಮೀಟರ್ ಇದ್ದರೆ ಅಂತರ 100 ಮೈಕ್ರೋಮೀಟರಿನೊಳಗೆ ಇರಬೇಕೆಂದಾಯಿತು.

ವಾಲುವಿಕೆ: ಉಬ್ಬುಗಳು ಅಗಲಕ್ಕಿಂತ ಬಹಳ ಎತ್ತರವಾಗಿದ್ದರೆ ತಮ್ಮ ಭಾರ ಮತ್ತು ಪರಸ್ಪರ ಆಕರ್ಷಣೆಯಿಂದ ವಾಲಿ ಅಕ್ಕಪಕ್ಕದವು ಅಂಟಿಕೊಳ್ಳುತ್ತವೆ. ಎತ್ತರವನ್ನು ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆ 0.2ರಿಂದ 2ರ ನಡುವೆ ಇರುವುದು ಕ್ಷೇಮ.

ಶಾಯಿಯ ಹರಡಿಕೆ: ಕಚೇರಿಯ ಠಸ್ಸೆಗೆ ಶಾಯಿ ಹೆಚ್ಚಾದರೆ ಅಕ್ಷರ ಕಲಸಿಹೋಗುವಂತೆ, ಇಲ್ಲಿಯೂ ಹೆಚ್ಚಾದ ಥಯೋಲ್ ಅಣುಗಳು ಅಂಚಿನಾಚೆ ಹರಿದು ಅಥವಾ ಆವಿಯಾಗಿ ಹರಡಿ ಗೆರೆಯನ್ನು ದಪ್ಪವಾಗಿಸುತ್ತವೆ. ಉದ್ದವಾದ ಸರಪಳಿಯ ಅಣುಗಳು ಕಡಿಮೆ ಹರಡುತ್ತವೆ.

ಊದುವಿಕೆ ಮತ್ತು ಕುಗ್ಗುವಿಕೆ: ಹೆಕ್ಸೇನ್, ಟಾಲ್ಯೂಯಿನ್ ಮುಂತಾದ ದ್ರಾವಕಗಳಲ್ಲಿ ಪಿಡಿಎಂಎಸ್ ಊದಿಕೊಳ್ಳುತ್ತದೆ. ಎಥನಾಲನ್ನು ಆಯ್ದುಕೊಳ್ಳುವುದಕ್ಕೆ ಇದೇ ಕಾರಣ. ಎರಕದಲ್ಲಿ ಗಟ್ಟಿಯಾಗುವಾಗ ಠಸ್ಸೆ ಸುಮಾರು ಶೇಕಡಾ 1ರಷ್ಟು ಕುಗ್ಗುತ್ತದೆ.

ಮಲಿನತೆ: ಪೂರ್ತಿ ಗಟ್ಟಿಯಾಗದ ಸಿಲಿಕೋನಿನ ಸಣ್ಣ ಅಣುಗಳು ಶಾಯಿಯ ಜೊತೆಗೆ ಮೇಲ್ಮೈಗೆ ಸೇರಬಹುದು. ಸೂಕ್ಷ್ಮ ಪ್ರಯೋಗಗಳಲ್ಲಿ ಠಸ್ಸೆಯನ್ನು ಮೊದಲೇ ದ್ರಾವಕದಲ್ಲಿ ನೆನೆಸಿ ಇವನ್ನು ತೆಗೆಯುತ್ತಾರೆ.

ಶೇಕಡಾ ಒಂದರ ಕುಗ್ಗುವಿಕೆ ಸಣ್ಣದೆಂದು ತೋರಬಹುದು. ಆದರೆ ಒಂದು ಸೆಂಟಿಮೀಟರ್ ಉದ್ದದ ವಿನ್ಯಾಸದಲ್ಲಿ ಅದು 100 ಮೈಕ್ರೋಮೀಟರಾಗುತ್ತದೆ. ಕಂಪ್ಯೂಟರಿನ ಚಿಪ್ಪಿನಲ್ಲಿ ಹತ್ತಾರು ಪದರಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂಡಬೇಕು. ಅಲ್ಲಿ ಇಂಥ ಜಾರುವಿಕೆಗೆ ಎಡೆಯಿಲ್ಲ. ಆದ್ದರಿಂದಲೇ, ಬೆಳಕಿನ ಲಿಥೋಗ್ರಫಿಗೆ ಅಗ್ಗದ ಬದಲಿಯಾಗಿ ಚಿಪ್ ಉದ್ಯಮವನ್ನು ಸೇರಬಹುದೆಂಬ ಆರಂಭದ ನಿರೀಕ್ಷೆ ಈಡೇರಲಿಲ್ಲ. ಒಂದೇ ಪದರ ಸಾಕಾಗುವ ಕ್ಷೇತ್ರಗಳಲ್ಲಿ, ಮುಖ್ಯವಾಗಿ ಜೀವಕೋಶಗಳ ಅಧ್ಯಯನದಲ್ಲಿ, ಅದು ನೆಲೆಯೂರಿತು.

## ಸಂಬಂಧಿತ ವಿಧಾನಗಳು

* ಲಟ್ಟಣಿಗೆ ಮುದ್ರಣ: ಉರುಳೆಯ ಸುತ್ತ ಠಸ್ಸೆಯನ್ನು ಸುತ್ತಿ ಮೇಲ್ಮೈಯ ಮೇಲೆ ಉರುಳಿಸುವುದು. ಹೊಸ್ತಿಲ ಬಳಿ ಉರುಳಿಸುವ ರಂಗೋಲಿಯ ಕೊಳವೆಯಂತೆ ಇದು ಒಂದೇ ವಿನ್ಯಾಸವನ್ನು ಉದ್ದಕ್ಕೂ ಬಿಡಿಸುತ್ತದೆ. 1996ರಲ್ಲಿ ಹಾರ್ವರ್ಡ್ ತಂಡ ಇದನ್ನು ವರದಿ ಮಾಡಿತು.
* ಸೂಕ್ಷ್ಮ ಎರಕ: ಠಸ್ಸೆಯನ್ನು ಒಣದಾಗಿಯೇ ಮೇಲ್ಮೈಗೆ ಒತ್ತಿ, ಅದರ ತಗ್ಗುಗಳಿಂದಾದ ನಾಳಗಳಲ್ಲಿ ದ್ರವವನ್ನು ಹರಿಸುವುದು. ಸಂಪರ್ಕ ಮುದ್ರಣದಲ್ಲಿ ಉಬ್ಬಿನ ಕೆಳಗೆ ವಿನ್ಯಾಸ ಮೂಡಿದರೆ ಇಲ್ಲಿ ತಗ್ಗಿನೊಳಗೆ ಮೂಡುತ್ತದೆ.
* ಅದ್ದುಲೇಖನಿ ಲಿಥೋಗ್ರಫಿ: ಪರಮಾಣು ಬಲ ಸೂಕ್ಷ್ಮದರ್ಶಕದ ಚೂಪುಮೊನೆಯನ್ನು ಲೇಖನಿಯಂತೆ ಶಾಯಿಯಲ್ಲಿ ಅದ್ದಿ ಬರೆಯುವುದು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ತಂಡ 1999ರಲ್ಲಿ ಇದನ್ನು ಪರಿಚಯಿಸಿತು. ಗೆರೆಗಳು ಬಹಳ ಸಣ್ಣವು. ವೇಗ ಬಹಳ ಕಡಿಮೆ.
* ನ್ಯಾನೊ ವರ್ಗಾವಣೆ ಮುದ್ರಣ: ಠಸ್ಸೆಯ ಮೇಲೆ ಕೂರಿಸಿದ ಲೋಹದ ಪದರವನ್ನೇ ಬೇರೊಂದು ಮೇಲ್ಮೈಗೆ ವರ್ಗಾಯಿಸುವುದು.

## ಉಪಯೋಗಗಳು

### ಜೀವಕೋಶಗಳ ಅಧ್ಯಯನ

ದೇಹದ ಬಹುತೇಕ ಜೀವಕೋಶಗಳು ಬದುಕಲು ಏನನ್ನಾದರೂ ಹಿಡಿದುಕೊಂಡಿರಬೇಕು. ಗಾಜಿನ ಮೇಲೆ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿನ ಸಣ್ಣ ದ್ವೀಪವನ್ನು ಮುದ್ರಿಸಿ, ಸುತ್ತಲಿನ ಜಾಗಕ್ಕೆ ಕೋಶ ಅಂಟದಂತೆ ಮಾಡಿದರೆ, ಅಲ್ಲಿ ಕುಳಿತ ಕೋಶವು ದ್ವೀಪದ ಆಕಾರವನ್ನೇ ತಳೆಯುತ್ತದೆ. ಚೌಕದ ಮೇಲೆ ಚೌಕವಾಗಿ, ತ್ರಿಕೋನದ ಮೇಲೆ ತ್ರಿಕೋನವಾಗಿ ಹರಡುತ್ತದೆ. ಪೋಷಕದ್ರವವನ್ನು ಬದಲಿಸದೆ ಆಕಾರವೊಂದನ್ನೇ ಬದಲಿಸಿ ಪರಿಣಾಮವನ್ನು ನೋಡುವ ಅವಕಾಶವನ್ನು ಈ ವಿಧಾನ ಒದಗಿಸಿತು.

1997ರಲ್ಲಿ ಕ್ರಿಸ್ಟೋಫರ್ ಚೆನ್, ಡೊನಾಲ್ಡ್ ಇಂಗ್ಬರ್, ವೈಟ್‌ಸೈಡ್ಸ್ ಮತ್ತು ಸಹೋದ್ಯೋಗಿಗಳು ರಕ್ತನಾಳದ ಒಳಪದರದ ಕೋಶಗಳನ್ನು ಬೇರೆ ಬೇರೆ ಅಳತೆಯ ದ್ವೀಪಗಳ ಮೇಲೆ ಬೆಳೆಸಿದರು. ದೊಡ್ಡ ದ್ವೀಪದಲ್ಲಿ ಚಾಚಿಕೊಂಡ ಕೋಶಗಳು ಬೆಳೆದವು. ಸಣ್ಣ ದ್ವೀಪದಲ್ಲಿ ಮುದುಡಿದ ಕೋಶಗಳು ತಮ್ಮನ್ನು ತಾವೇ ಕೊನೆಗಾಣಿಸಿಕೊಳ್ಳುವ ಅಪೊಪ್ಟೋಸಿಸ್ ಎಂಬ ಪ್ರಕ್ರಿಯೆಗೆ ಸಂದವು. ಒಟ್ಟು ಅಂಟುವ ಜಾಗವನ್ನು ಹೆಚ್ಚಿಸದೆ ಅದನ್ನು ಹಲವು ಚುಕ್ಕೆಗಳಾಗಿ ಹರಡಿಟ್ಟಾಗಲೂ, ಚುಕ್ಕೆಯಿಂದ ಚುಕ್ಕೆಗೆ ಚಾಚಿಕೊಂಡ ಕೋಶಗಳು ಬದುಕಿದವು. ಎಷ್ಟು ಜಾಗವನ್ನು ಮುಟ್ಟಿದೆ ಎಂಬುದಕ್ಕಿಂತ ಎಷ್ಟು ಹರಡಿಕೊಂಡಿದೆ ಎಂಬುದೇ ಕೋಶದ ಅಳಿವು ಉಳಿವನ್ನು ನಿರ್ಧರಿಸಿತು.

2004ರ ಇನ್ನೊಂದು ಅಧ್ಯಯನದಲ್ಲಿ ಮನುಷ್ಯನ ಕಾಂಡಕೋಶಗಳನ್ನು ಇದೇ ರೀತಿ ಪರೀಕ್ಷಿಸಲಾಯಿತು. ಸುಮಾರು 1,000 ಚದರ ಮೈಕ್ರೋಮೀಟರಿನ ದ್ವೀಪದಲ್ಲಿ ಮುದುಡಿದವು ಕೊಬ್ಬಿನ ಕೋಶಗಳಾಗುವ ಕಡೆಗೂ, 10,000 ಚದರ ಮೈಕ್ರೋಮೀಟರಿನ ದ್ವೀಪದಲ್ಲಿ ಹರಡಿದವು ಮೂಳೆಯ ಕೋಶಗಳಾಗುವ ಕಡೆಗೂ ಒಲಿದವು. ಅಂಗಾಂಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಸಂಶೋಧನೆಗೆ ಈ ಅರಿವು ಮುಖ್ಯವಾಯಿತು.

### ದ್ರವಸ್ಫಟಿಕಗಳು

ದ್ರವಸ್ಫಟಿಕದ ಅಣುಗಳು ಯಾವ ದಿಕ್ಕಿಗೆ ಸಾಲುಗಟ್ಟುತ್ತವೆ ಎಂಬುದು ಅವು ತಾಗಿರುವ ಮೇಲ್ಮೈಯನ್ನು ಅವಲಂಬಿಸಿದೆ. 1997ರಲ್ಲಿ ವಿನಯ್ ಗುಪ್ತಾ ಮತ್ತು ನಿಕೊಲಸ್ ಅಬಟ್ ಅವರು ಚಿನ್ನದ ಮೇಲಿನ ವಿನ್ಯಾಸಗೊಂಡ ಏಕಾಣುಪದರಗಳಿಂದ ದ್ರವಸ್ಫಟಿಕಗಳನ್ನು ಬೇಕಾದ ವಿನ್ಯಾಸದಲ್ಲಿ ಸಾಲುಗೊಳಿಸಬಹುದೆಂದು ತೋರಿಸಿದರು. ಬಾಗಿದ ಮೇಲ್ಮೈಗಳಲ್ಲೂ ಇದು ಸಾಧ್ಯವಾಯಿತು.

### ಇತರೆ

ಲೋಹದ ಸೂಕ್ಷ್ಮ ತಂತಿಗಳು, ಸಂವೇದಕಗಳ ವಿದ್ಯುದ್ವಾರಗಳು, ಬೆಳಕನ್ನು ಚದುರಿಸುವ ಜಾಲಕಗಳು ಮತ್ತು ರೋಗಪತ್ತೆಗಾಗಿ ಪ್ರತಿಕಾಯಗಳ ಸಾಲುಗಳನ್ನು ರಚಿಸುವಲ್ಲಿಯೂ ಈ ವಿಧಾನ ಬಳಕೆಯಾಗಿದೆ.

## ಉತ್ತರ ಬೆಂಗಳೂರಿನ ಸಂಶೋಧನಾ ಪರಿಸರ

ಯಶವಂತಪುರ, ಮೇಖ್ರಿ ವೃತ್ತ, ಹೆಬ್ಬಾಳ ಮತ್ತು ಯಲಹಂಕಗಳನ್ನು ಒಳಗೊಂಡ ಬೆಂಗಳೂರಿನ ಉತ್ತರ ಭಾಗದಲ್ಲಿ ಈ ವಿಷಯದ ಬೇರೆ ಬೇರೆ ಎಳೆಗಳಿಗೆ ಸಂಬಂಧಿಸಿದ ಸಂಸ್ಥೆಗಳು ಪರಸ್ಪರ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ.

ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ: ಯಲಹಂಕಕ್ಕೆ ಹೋಗುವ ಹಾದಿಯಲ್ಲಿ ಜಕ್ಕೂರಿನಲ್ಲಿರುವ ಈ ಕೇಂದ್ರ 1989ರಲ್ಲಿ ಸ್ಥಾಪನೆಯಾಯಿತು. ಸಿ.ಎನ್.ಆರ್. ರಾವ್ ಇದರ ಸ್ಥಾಪಕ ಅಧ್ಯಕ್ಷರು. ಇಲ್ಲಿನ ಪಿ. ಜಾನ್ ಥಾಮಸ್, ಜಿ.ಯು. ಕುಲಕರ್ಣಿ ಮತ್ತು ರಾವ್ ಅವರು ಲೋಹದ ನ್ಯಾನೊಹರಳುಗಳನ್ನು ನೀರಿನಲ್ಲಿ ಹರಡಿ, ಅದನ್ನೇ ಅದ್ದುಲೇಖನಿಯ ಶಾಯಿಯಾಗಿ ಬಳಸಿದ ಕೆಲಸವನ್ನು 2004ರಲ್ಲಿ ಪ್ರಕಟಿಸಿದರು. ಬಿ. ರಾಧಾ ಮತ್ತು ಕುಲಕರ್ಣಿ 2009ರಲ್ಲಿ ಸೂಕ್ಷ್ಮ ಎರಕದ ಪರಿಷ್ಕೃತ ವಿಧಾನವೊಂದರಿಂದ 100 ನ್ಯಾನೊಮೀಟರಿಗಿಂತ ಸಣ್ಣ ಪೆಲ್ಲೇಡಿಯಂ ತಂತಿಗಳನ್ನು ನೇರವಾಗಿ ಮೂಡಿಸಿದರು. ಚಿನ್ನದ ಮುದ್ರಣದಲ್ಲಿ ಥಯೋಲ್ ಲೋಹವನ್ನು ಕಾಯುವ ಹೊದಿಕೆ. ಇಲ್ಲಿ ಲೋಹವೂ ಥಯೋಲೂ ಕೂಡಿದ ಸಂಯುಕ್ತವೇ ಶಾಯಿ. ಪಿಡಿಎಂಎಸ್ ಅಚ್ಚಿನ ನಾಳಗಳಲ್ಲಿ ತುಂಬಿದ ಶಾಯಿಯನ್ನು ಕಾಯಿಸಿದಾಗ ಸಾವಯವ ಭಾಗ ಕಳಚಿಹೋಗಿ ಲೋಹದ ಗೆರೆ ಉಳಿಯುತ್ತದೆ. ಹೀಗಾಗಿ ಲೋಹವನ್ನು ಮೊದಲು ಎಲ್ಲೆಡೆ ಬಳಿದು ಬಳಿಕ ಕರಗಿಸುವ ಹಂತವೇ ಬೇಕಾಗುವುದಿಲ್ಲ. ರಾಧಾ ಬೋಯಾ ಅವರು ಮುಂದೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ: ಎನ್‌ಸಿಬಿಎಸ್ ಎಂದೇ ಪರಿಚಿತವಾದ ಈ ಕೇಂದ್ರ ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿದ್ದು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದೆ. ಹಿಂದೆ ಇಲ್ಲಿ ಪ್ರಯೋಗಾಲಯ ನಡೆಸುತ್ತಿದ್ದ ಜಿ.ವಿ. ಶಿವಶಂಕರ್ ಬಳಿಕ ಸಿಂಗಪುರಕ್ಕೆ ತೆರಳಿದರು. ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫೈಬ್ರೊನೆಕ್ಟಿನ್ ವಿನ್ಯಾಸಗಳ ಮೇಲೆ ಇಲಿಯ ಕೋಶಗಳನ್ನು ಬೆಳೆಸಿ, ಕೋಶದ ಹೊರ ಆಕಾರ ಬದಲಾದಾಗ ಅದರೊಳಗಿನ ವಂಶವಾಹಿಗಳ ಚಟುವಟಿಕೆಯೂ ಬದಲಾಗುವುದನ್ನು ತೋರಿಸಲಾಯಿತು.

ಭಾರತೀಯ ವಿಜ್ಞಾನ ಸಂಸ್ಥೆ: ಮಲ್ಲೇಶ್ವರ ಮತ್ತು ಯಶವಂತಪುರಗಳ ಮಗ್ಗುಲಲ್ಲಿರುವ ಈ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ರಾಷ್ಟ್ರಮಟ್ಟದ ಸ್ವಚ್ಛಕೋಣೆ ಇದೆ. 2008ರಲ್ಲಿ ಆರಂಭವಾದ ಭಾರತೀಯ ನ್ಯಾನೊ ಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮದ ಮೂಲಕ, ಇಂಥ ಸೌಲಭ್ಯವಿಲ್ಲದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಸಂಶೋಧಕರಿಗೂ ಇಲ್ಲಿ ಕೆಲಸ ಮಾಡುವ ಅವಕಾಶ ದೊರೆಯಿತು. ಮೃದು ಲಿಥೋಗ್ರಫಿಯ ದೃಷ್ಟಿಯಿಂದ ಇದರ ಮಹತ್ವ ಸ್ಪಷ್ಟ. ಮೂಲ ಅಚ್ಚನ್ನು ಒಮ್ಮೆ ಇಂಥ ಕಡೆ ಮಾಡಿಕೊಂಡವರು ಮುಂದಿನ ಎರಕ ಮತ್ತು ಮುದ್ರಣಗಳನ್ನು ತಮ್ಮ ಊರಿನ ಪ್ರಯೋಗಾಲಯದಲ್ಲಿಯೇ ನಡೆಸಬಹುದು.

ದ್ರವಸ್ಫಟಿಕ ಸಂಶೋಧನೆಯ ಪರಂಪರೆ: ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕಗಳನ್ನು ಕಂಡುಹಿಡಿದರು. ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪಿಸಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರವೇ ಇಂದಿನ ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರ. ಜಕ್ಕೂರಿನ ಜಿ.ಯು. ಕುಲಕರ್ಣಿ ಕೆಲಕಾಲ ಇದರ ನಿರ್ದೇಶಕರಾಗಿದ್ದು, ಬಳಿಕ ಜಕ್ಕೂರಿನ ಕೇಂದ್ರದ ಅಧ್ಯಕ್ಷರಾದರು.

## ಸುರಕ್ಷತೆ

ಮುದ್ರಣದ ಹಂತ ಸರಳವೆನಿಸಿದರೂ ಅದರ ಹಿಂದುಮುಂದಿನ ಹಂತಗಳಲ್ಲಿ ಅಪಾಯಕಾರಿ ರಾಸಾಯನಿಕಗಳಿವೆ. ಥಯೋಲ್‌ಗಳಿಗೆ ಕೊಳೆತ ಪದಾರ್ಥದಂಥ ತೀವ್ರ ದುರ್ವಾಸನೆ ಇರುವುದರಿಂದ ಅವುಗಳನ್ನು ಹೊಗೆಗೂಡಿನೊಳಗೆ ಮಾತ್ರ ತೆರೆಯಬೇಕು. ಚಿನ್ನವನ್ನು ಕರಗಿಸಲು ಆರಂಭದ ಪ್ರಯೋಗಗಳಲ್ಲಿ ಬಳಸಿದ ಸೈನೈಡ್ ದ್ರಾವಣ ಮಾರಕ ವಿಷ. ಅದಕ್ಕೆ ಆಮ್ಲ ತಾಗಿದರೆ ವಿಷಾನಿಲ ಹೊಮ್ಮುತ್ತದೆ. ಥಯೋಸಲ್ಫೇಟ್ ಆಧಾರಿತ ದ್ರಾವಣವನ್ನು ಅದಕ್ಕೆ ಬದಲಾಗಿ ಬಳಸುವುದುಂಟು. ಗಾಜನ್ನು ಶುಚಿಗೊಳಿಸಲು ಬಳಸುವ ಸಲ್ಫ್ಯೂರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡುಗಳ ಮಿಶ್ರಣ ಸಾವಯವ ವಸ್ತುಗಳೊಂದಿಗೆ ಸ್ಫೋಟಕವಾಗಿ ವರ್ತಿಸಬಲ್ಲದು. ವಿದ್ಯಾರ್ಥಿಗಳು ತರಬೇತಾದವರ ಮೇಲ್ವಿಚಾರಣೆಯಿಲ್ಲದೆ ಈ ಹಂತಗಳಿಗೆ ಕೈಹಾಕಬಾರದು.

## ಇವನ್ನೂ ನೋಡಿ

* ಲಿಥೋಗ್ರಫಿ
* ನ್ಯಾನೊ ತಂತ್ರಜ್ಞಾನ
* ದ್ರವಸ್ಫಟಿಕ
* ಜೀವಕೋಶ
* ಭಾರತೀಯ ವಿಜ್ಞಾನ ಸಂಸ್ಥೆ
* ಸಿ.ಎನ್.ಆರ್. ರಾವ್